ಬಾವುಟ ಇಳಿಸಿದ ಮೇಲೆ ಏನು ಮಾಡೋಣ? ಊರಲ್ಲಿದ್ದೇ ದೇಶಸೇವೆ ಮಾಡುವ ದಾರಿ

ಆಗಸ್ಟ್ 15 ಹತ್ತಿರ ಬಂತೆಂದರೆ ದೇಶಕ್ಕೆ ಏನಾದರೂ ಮಾಡಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಏನು ಮಾಡಬೇಕು ಅಂತ ಕೇಳಿದರೆ ಮಾತ್ರ ಹೊಳೆಯುವುದು ಮೂರೇ: ಸೈನ್ಯ ಸೇರುವುದು, ಬಾವುಟ ಹಾರಿಸುವುದು, ಸ್ಟೇಟಸ್ ಹಾಕುವುದು. ಮೊದಲನೆಯದಕ್ಕೆ ನಮ್ಮಲ್ಲಿ ಹೆಚ್ಚಿನವರಿಗೆ ವಯಸ್ಸು ಮೀರಿದೆ. ಉಳಿದೆರಡು ಹತ್ತು ನಿಮಿಷದಲ್ಲಿ ಮುಗಿಯುತ್ತವೆ.

ಸಂವಿಧಾನದ 51ಎ ವಿಧಿಯನ್ನು ಒಮ್ಮೆ ತೆರೆದು ನೋಡಿ. ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿ ಅಲ್ಲಿದೆ. 1976ರಲ್ಲಿ ಹತ್ತು ಸೇರಿದವು, 2002ರಲ್ಲಿ ಹನ್ನೊಂದನೆಯದು ಬಂತು. ರಾಷ್ಟ್ರಧ್ವಜಕ್ಕೆ ಗೌರವ ಕೊಡಬೇಕು ಅನ್ನುವ ಅದೇ ಪಟ್ಟಿಯಲ್ಲಿ ಕಾಡು, ಕೆರೆ, ನದಿ ಕಾಪಾಡಬೇಕು, ಸಾರ್ವಜನಿಕ ಆಸ್ತಿ ಉಳಿಸಬೇಕು ಅಂತಲೂ ಇದೆ. ಮೊದಲನೆಯದನ್ನು ನಾವು ಚೆನ್ನಾಗಿ ಬಾಯಿಪಾಠ ಮಾಡಿದ್ದೇವೆ.

ನಮ್ಮ ನೆಲದಲ್ಲಿ ಇದಕ್ಕೆ ಒಳ್ಳೆಯ ಹಿನ್ನೆಲೆ ಇದೆ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರ್ 1923ರಲ್ಲಿ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಸೇವಾದಳ ಕಟ್ಟಿದರು. ಮರುವರ್ಷವೇ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಭಾಷಣ ಮಾಡಿದವರ ಹೆಸರು ಪಠ್ಯಪುಸ್ತಕದಲ್ಲಿವೆ. ಅಲ್ಲಿ ಬಂದವರಿಗೆ ನೀರು ಹೊಂದಿಸಿದವರು, ಊಟ ಬಡಿಸಿದವರು, ಶೌಚಾಲಯ ಶುಚಿ ಮಾಡಿದವರು ಹೆಸರಿಲ್ಲದ ಸ್ವಯಂಸೇವಕರು. ಅಧಿವೇಶನದ ನೀರಿಗಾಗಿ ತೋಡಿದ ಬಾವಿ ಇವತ್ತಿಗೂ ಟಿಳಕವಾಡಿಯಲ್ಲಿದೆ.

ಕೆಳಗೆ ಬರೆದಿರುವುದು ಆ ಎರಡನೇ ಗುಂಪಿಗೆ ಸೇರಲು ಬಯಸುವವರಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದನ್ನು ಓದಿ ದಯವಿಟ್ಟು ಹೊಸ ಸಂಘ ಕಟ್ಟಬೇಡಿ. ಲೋಗೋ, ಟೀ ಶರ್ಟ್, ಪದಾಧಿಕಾರಿಗಳ ಆಯ್ಕೆಯಲ್ಲೇ ಆರು ತಿಂಗಳು ಹೋಗುತ್ತದೆ. ಊರಲ್ಲಿ ಆಗಲೇ ಇರುವ ಶಾಲೆ, ಪಂಚಾಯಿತಿ, ಗ್ರಂಥಾಲಯ, ರಕ್ತನಿಧಿಗಳಲ್ಲಿ ಒಂದನ್ನು ಹಿಡಿಯಿರಿ. ಒಂದನ್ನು ಮಾತ್ರ.

ಮೊದಲ ಹೆಜ್ಜೆ: ಬಾವುಟದ ಕೆಲಸ ಪೂರ್ತಿ ಮಾಡಿ

ಹಾರಿಸುವುದು ಅರ್ಧ ಕೆಲಸ. ಆಗಸ್ಟ್ 16ರ ಬೆಳಿಗ್ಗೆ ಶಾಲೆಯ ಸುತ್ತ, ಸಿಗ್ನಲ್ ಹತ್ತಿರ ಒಂದು ಸುತ್ತು ಹಾಕಿ. ಕಾಗದದ ಪುಟ್ಟ ಬಾವುಟಗಳು ಚರಂಡಿ ಪಕ್ಕ ಬಿದ್ದಿರುತ್ತವೆ. ಅವನ್ನು ನೆಲಕ್ಕೆ ಬಿಸಾಡಬಾರದು ಅಂತ ಧ್ವಜ ಸಂಹಿತೆಯಲ್ಲೇ ಇದೆ. ಪ್ಲಾಸ್ಟಿಕ್ ಬಾವುಟವನ್ನಂತೂ ಬಳಸಲೇಬಾರದು. ಒಂದು ಬಟ್ಟೆ ಚೀಲ ಹಿಡಿದು ಹೋಗಿ, ಆರಿಸಿ ತನ್ನಿ. ಹರಿದ, ಮಾಸಿದ ಬಾವುಟವನ್ನು ಯಾರೂ ನೋಡದ ಕಡೆ ಗೌರವದಿಂದ ಪೂರ್ತಿಯಾಗಿ ಸುಡುವುದು ನಿಯಮ. ಕಸದ ಗಾಡಿಗೆ ಹಾಕುವುದಲ್ಲ, ಒರೆಸುವ ಬಟ್ಟೆ ಮಾಡಿಕೊಳ್ಳುವುದಂತೂ ಅಲ್ಲವೇ ಅಲ್ಲ.

2021ರ ಡಿಸೆಂಬರ್‌ನಿಂದ ಪಾಲಿಸ್ಟರ್ ಬಾವುಟಕ್ಕೂ ಒಪ್ಪಿಗೆ ಇದೆ. 2022ರ ಜುಲೈನಿಂದ ಮನೆಯ ಮೇಲೆ ರಾತ್ರಿಯೂ ಹಾರಿಸಬಹುದು. ಆದರೂ ಹೊಸದು ಕೊಳ್ಳುವಾಗ ಖಾದಿಯದ್ದನ್ನೇ ಕೊಳ್ಳಿ ಅನ್ನುವುದು ನನ್ನ ಸಲಹೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರಲ್ಲಿ. ಅಲ್ಲಿ ಬಾವುಟ ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬೆಲೆ ಸ್ವಲ್ಪ ಜಾಸ್ತಿ, ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರುತ್ತದೆ.

ಎರಡನೇ ಹೆಜ್ಜೆ: ನಿಮ್ಮ ಓಣಿಯ ಮತದಾರರ ಪಟ್ಟಿ ನೋಡಿ

ಇದು ಒಂದು ಭಾನುವಾರದ ಕೆಲಸ. ಮೊದಲು ನಿಮ್ಮ ಹೆಸರು, ಆಮೇಲೆ ಅಕ್ಕಪಕ್ಕದವರದು. ಹೊಸದಾಗಿ ಸೇರಲು ನಮೂನೆ 6. ಮನೆ ಬದಲಾಯಿಸಿದ್ದರೆ, ಹೆಸರು ತಪ್ಪಾಗಿದ್ದರೆ ನಮೂನೆ 8. 18 ತುಂಬುವ ಲೆಕ್ಕಕ್ಕೆ ಈಗ ವರ್ಷದಲ್ಲಿ ನಾಲ್ಕು ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು. 17 ದಾಟಿದ ಮಕ್ಕಳು ಮುಂಚೆಯೇ ಅರ್ಜಿ ಹಾಕಿಡಬಹುದು. ಬಾಡಿಗೆ ಮನೆಯವರು ಮತ್ತು ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಜಾಸ್ತಿ. ಅವರನ್ನು ಮೊದಲು ಕೇಳಿ. ಸಂದೇಹ ಬಂದರೆ 1950ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಅವರನ್ನು ಕೇಳಿ.

ವಿಧಾನಸಭೆ, ಲೋಕಸಭೆ ಚುನಾವಣೆ ಬಂದಾಗ 85 ದಾಟಿದವರು ಮತ್ತು ಶೇ. 40ಕ್ಕೆ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಬಹುದು. ಅದಕ್ಕೆ ನಮೂನೆ 12ಡಿ ಬೇಕು, ಗಡುವು ತೀರಾ ಬೇಗ ಮುಗಿಯುತ್ತದೆ. ಎದುರು ಮನೆ ಅಜ್ಜಿಗೆ ಇದನ್ನು ಹೇಳುವವರು ಯಾರೂ ಇರುವುದಿಲ್ಲ. ನೀವು ಹೇಳಿ. ಯಾರಿಗೆ ಓಟು ಹಾಕಬೇಕು ಅಂತ ಮಾತ್ರ ಬಾಯಿ ಬಿಡಬೇಡಿ.

ಮೂರನೇ ಹೆಜ್ಜೆ: ನಿಮ್ಮ ಬಳಿ ಎಷ್ಟು ಹೊತ್ತಿದೆ, ಲೆಕ್ಕ ಹಾಕಿ

ರಾಷ್ಟ್ರೀಯ ಸೇವಾ ಯೋಜನೆಯಲ್ಲಿರುವ (ಎನ್‌ಎಸ್‌ಎಸ್) ಕಾಲೇಜು ಹುಡುಗ ಹುಡುಗಿಯರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ವಾರಕ್ಕೆ ಎರಡು ಗಂಟೆ ಕೊಟ್ಟರೆ ನೀವೂ 100 ದಾಟುತ್ತೀರಿ. ಉತ್ಸಾಹದಲ್ಲಿ ‘ಪ್ರತಿ ಭಾನುವಾರ ಇಡೀ ದಿನ’ ಅನ್ನುವವರು ಮೂರನೇ ವಾರಕ್ಕೆ ಕಾಣಿಸುವುದಿಲ್ಲ. ಮನೆಯವರನ್ನು ಕೇಳಿ, ಕೆಲಸದ ಪಾಳಿ ನೋಡಿಕೊಂಡು, ಖಂಡಿತ ಕೊಡಬಲ್ಲ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ತಿಂಗಳಿಗೆ ಎರಡೇ ಗಂಟೆ ಆದರೂ ಪರವಾಗಿಲ್ಲ, ತಪ್ಪದೆ ಹೋಗಿ.

ಈಗ ಕೆಲಸ ಆರಿಸಿಕೊಳ್ಳೋಣ.

ಹಳ್ಳಿಯವರಿಗೆ: ಜಮಾಬಂದಿಗೆ ಹೋಗಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಇಷ್ಟು ಒಳ್ಳೆಯ ಅವಕಾಶವನ್ನು ನಾವು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಇನ್ನೊಂದಿಲ್ಲ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಹಿಂದಿನ ಆರ್ಥಿಕ ವರ್ಷದ ಲೆಕ್ಕ, ಕಾಮಗಾರಿಗಳನ್ನು ಊರವರ ಮುಂದೆ ಇಡುವ ಸಭೆಗೆ ಜಮಾಬಂದಿ ಅನ್ನುತ್ತಾರೆ. ಸಾಮಾನ್ಯವಾಗಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯುತ್ತದೆ. ಸ್ವಾತಂತ್ರ್ಯ ದಿನದ ಮರುದಿನದಿಂದಲೇ! ಬಂದ ದುಡ್ಡೆಷ್ಟು, ಖರ್ಚೆಷ್ಟು, ಯಾವ ಕೆಲಸ ಆಯಿತು ಎಲ್ಲವನ್ನೂ ಯಾರು ಬೇಕಾದರೂ ಕೇಳಬಹುದು. ಹೆಚ್ಚಿನ ಕಡೆ ಸಭೆಗೆ ಬರುವವರು ಸದಸ್ಯರು, ಸಿಬ್ಬಂದಿ, ಮತ್ತೆ ಜಗಳಕ್ಕೆಂದೇ ಬರುವ ನಾಲ್ಕು ಜನ.

ಹೀಗೆ ಮಾಡಿ. ಆಗಸ್ಟ್ ಮೊದಲ ವಾರ ಪಂಚಾಯಿತಿಗೆ ಹೋಗಿ ದಿನಾಂಕ ಕೇಳಿಕೊಳ್ಳಿ. ನಿಮ್ಮ ವಾರ್ಡಿನಲ್ಲಿ ಹೋದ ವರ್ಷ ಆದ ಕಾಮಗಾರಿಗಳ ಪಟ್ಟಿ ಬೇಕು ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ‘ಮೇಡಂ, ನಮ್ಮ ಬೀದಿಯ ಕೆಲಸದ ವಿವರ ಸ್ವಲ್ಪ ನೋಡಬೇಕಿತ್ತು’ ಅಂದರೆ ಸಾಕು. ಶುರುವಿನಲ್ಲೇ ಮಾಹಿತಿ ಹಕ್ಕು ಅರ್ಜಿ ಹಿಡಿದು ಹೋಗಬೇಡಿ. ಬಾಯಿಮಾತಿಗೆ ಸಿಗುವುದು ಎಷ್ಟೋ ಇರುತ್ತದೆ. ಸಿಗದಿದ್ದರೆ ಅರ್ಜಿ ಇದ್ದೇ ಇದೆ: 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದನ್ನು ಮೀರಿ ಪುರಾಣ ಬರೆದರೆ ಅರ್ಜಿ ವಾಪಸ್ ಬರುತ್ತದೆ.

ಪಟ್ಟಿ ಕೈಗೆ ಬಂದ ಮೇಲೆ ಎಲ್ಲವನ್ನೂ ಹಿಡಿದು ಕೂರಬೇಡಿ. ಒಂದು ಚರಂಡಿ ಅಥವಾ ಒಂದು ಸಿಸಿ ರಸ್ತೆ ಆರಿಸಿಕೊಳ್ಳಿ. ಅಕ್ಕಪಕ್ಕದ ಇಬ್ಬರನ್ನು ಕರೆದುಕೊಂಡು, ಗಾರೆ ಕೆಲಸದವರ ಹತ್ತಿರ ಇರುವ 30 ಮೀಟರ್ ಟೇಪು ಕೇಳಿ ತಂದು ಅಳೆಯಿರಿ. ಒಬ್ಬರು ಟೇಪಿನ ತುದಿ ಹಿಡಿಯಲಿ, ಒಬ್ಬರು ಎಳೆಯಲಿ, ಒಬ್ಬರು ಬರೆಯಲಿ. ರಸ್ತೆಯಾದರೆ ಅಗಲವನ್ನು ಎರಡು ಮೂರು ಕಡೆ ನೋಡಿ. ಚರಂಡಿಯಾದರೆ ಶುರು ಎಲ್ಲಿ, ಕೊನೆ ಎಲ್ಲಿ, ನೀರು ಹೋಗಿ ಸೇರುವುದೆಲ್ಲಿ ಅಂತ ಗುರುತು ಮಾಡಿ. ದಿನಾಂಕ ಹಾಕಿ ಮೂವರೂ ಸಹಿ ಮಾಡಿ.

ಸಭೆಯಲ್ಲಿ ಕೇಳುವುದು ಒಂದೇ ಪ್ರಶ್ನೆ. ಉದಾಹರಣೆಗೆ ಹೀಗೆ: ‘ಸರ್, ಪಟ್ಟಿಯಲ್ಲಿ ಚರಂಡಿ 80 ಮೀಟರ್ ಅಂತ ಇದೆ. ನಾವು ಅಳೆದಾಗ 62 ಬಂತು. ಅಳತೆ ಪುಸ್ತಕದಲ್ಲಿ ಎಷ್ಟಿದೆ, ಸ್ವಲ್ಪ ನೋಡಿ ಹೇಳ್ತೀರಾ?’ ಇಷ್ಟು ಹೇಳಿ ಕೂತುಬಿಡಿ. ಯಾರು ತಿಂದರು, ಎಷ್ಟು ತಿಂದರು ಅಂತ ಶುರು ಮಾಡಿದರೆ ಮಾತು ಪಕ್ಷಕ್ಕೆ, ಜಾತಿಗೆ ತಿರುಗುತ್ತದೆ, ಚರಂಡಿ ಅಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಉತ್ತರ ಸರಿಯಾಗಿಯೇ ಇರುತ್ತದೆ: ಉಳಿದ 18 ಮೀಟರ್ ಇನ್ನೊಂದು ತಿರುವಿನಲ್ಲಿರಬಹುದು. ಹಾಗಿದ್ದರೆ ಒಪ್ಪಿಕೊಳ್ಳಿ, ಅದನ್ನೂ ಜೋರಾಗಿಯೇ ಹೇಳಿ. ಮುಂದಿನ ವರ್ಷ ನೀವು ಕೇಳುವ ಪ್ರಶ್ನೆಗೆ ತೂಕ ಬರುವುದು ಹೀಗೆ.

ಸಭೆ ಮುಗಿದ ಮೇಲೆ ನಿಮ್ಮ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಸೇರಿದೆಯೇ ನೋಡಿಕೊಂಡೇ ಹೊರಡಿ. ಮನೆಯ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ಮರೆಯಬೇಡಿ. ನಲ್ಲಿಯಲ್ಲಿ ನೀರು ಯಾವ ದಿನ ಬಂತು, ಯಾವ ದಿನ ಬರಲಿಲ್ಲ ಅನ್ನುವ ಲೆಕ್ಕ ಅವರ ಬಾಯಲ್ಲೇ ಇರುತ್ತದೆ.

ಬರವಣಿಗೆ ಚೆನ್ನಾಗಿರುವವರಿಗೆ: ಪರೀಕ್ಷೆ ಬರೆದುಕೊಡಿ

ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಲು, ಅವರು ಹೇಳಿದ ಉತ್ತರ ಬರೆಯಲು ಒಬ್ಬರು ಬೇಕು. ಲಿಪಿಕಾರ ಅನ್ನುತ್ತಾರೆ, ಸ್ಕ್ರೈಬ್ ಅನ್ನುವುದೇ ಹೆಚ್ಚು ರೂಢಿ. ದೇಶಸೇವೆ ಅಂದಾಗ ಇದು ಯಾರ ಪಟ್ಟಿಯಲ್ಲೂ ಬರುವುದಿಲ್ಲ. ಆದರೆ ಯೋಚಿಸಿ: ವರ್ಷವಿಡೀ ಕೇಳಿ ಕೇಳಿ ಓದಿದ ಹುಡುಗಿ, ಪರೀಕ್ಷೆ ದಿನ ಬರೆಯುವವರು ಬರಲಿಲ್ಲ ಅಂತ ಹೊರಗೆ ನಿಲ್ಲಬೇಕಾದರೆ ಹೇಗಿರುತ್ತದೆ?

ಪರೀಕ್ಷೆಗಳು ಬರುವುದು ಹೆಚ್ಚಾಗಿ ವಾರದ ದಿನಗಳಲ್ಲಿ. ಆದ್ದರಿಂದ ರಜೆ ಹಾಕಬಲ್ಲವರು, ನಿವೃತ್ತರು, ಪಾಳಿಯಲ್ಲಿ ಕೆಲಸ ಮಾಡುವವರು, ಮನೆಯಲ್ಲಿರುವ ಓದಿದ ಹೆಣ್ಣುಮಕ್ಕಳು ಇದಕ್ಕೆ ಹೇಳಿ ಮಾಡಿಸಿದವರು. ಕನ್ನಡ ಮಾಧ್ಯಮದ ಪತ್ರಿಕೆಗೆ ಕನ್ನಡವನ್ನು ವೇಗವಾಗಿ, ಒತ್ತಕ್ಷರ ತಪ್ಪದೆ ಬರೆಯುವವರು ಬೇಕು. ಫೋನಿನಲ್ಲೇ ಟೈಪ್ ಮಾಡಿ ಕೈಬರಹ ಮರೆತವರು ಒಂದೆರಡು ವಾರ ದಿನಕ್ಕೆ ಎರಡು ಪುಟ ಬರೆದು ಅಭ್ಯಾಸ ಮಾಡಿಕೊಳ್ಳಿ.

ಹತ್ತಿರದ ಅಂಧ ಮಕ್ಕಳ ಶಾಲೆ, ಅಂಗವಿಕಲ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಹೆಸರು ಕೊಡಿ. ನಿಮ್ಮ ಓದು, ಯಾವ ವಿಷಯ ಗೊತ್ತು, ಯಾವ ಭಾಷೆ ಬರೆಯುತ್ತೀರಿ ಅಂತ ಸರಿಯಾಗಿ ಹೇಳಿ. ಬರೆಯುವವರ ಓದು ಪರೀಕ್ಷಾರ್ಥಿಯ ಓದಿಗಿಂತ ಕಡಿಮೆ ಇರಬೇಕು ಅನ್ನುವ ನಿಯಮ ಹಲವು ಪರೀಕ್ಷೆಗಳಲ್ಲಿದೆ. ಹಾಗಾಗಿ ಡಬಲ್ ಡಿಗ್ರಿ ಇದ್ದವರಿಗಿಂತ ಪಿಯುಸಿ ಮುಗಿಸಿದವರಿಗೇ ಕರೆ ಜಾಸ್ತಿ ಬರಬಹುದು. ಒಂಬತ್ತನೇ ಕ್ಲಾಸಿನ ಮಗಳಿದ್ದರೆ ಅವಳನ್ನೂ ಕೇಳಿ ನೋಡಿ.

ಪರೀಕ್ಷೆಗೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕು ಅನ್ನುವುದು ಕೇಂದ್ರದ ಮಾರ್ಗಸೂಚಿ. ಅಂದರೆ ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆ. ಗುರುತಿನ ಚೀಟಿ, ಫೋಟೋ ಇಟ್ಟುಕೊಂಡು ಮುಕ್ಕಾಲು ಗಂಟೆ ಮೊದಲೇ ಹೋಗಿ. ಆ ಹೊತ್ತಿನಲ್ಲಿ ಪರೀಕ್ಷಾರ್ಥಿಯ ಜೊತೆ ನಾಲ್ಕು ಮಾತಾಡಿ. ಅವರ ದನಿಗೆ, ಮಾತಿನ ಧಾಟಿಗೆ ನಿಮ್ಮ ಕಿವಿ ಹೊಂದಿಕೊಳ್ಳಬೇಕು. ಕಲಬುರಗಿಯ ಹುಡುಗನ ಕನ್ನಡ ಮಂಗಳೂರಿನವರಿಗೆ ಮೊದಲ ಐದು ನಿಮಿಷ ತಡವರಿಸುವಂತೆ ಮಾಡುತ್ತದೆ. ಆ ಐದು ನಿಮಿಷ ಪತ್ರಿಕೆ ಕೈಗೆ ಬರುವ ಮುಂಚೆಯೇ ಕಳೆದುಹೋಗಲಿ.

ಮೊದಲು ಇಡೀ ಪತ್ರಿಕೆ ಒಮ್ಮೆ ಓದಿ, ಅಂಕಗಳ ಸಮೇತ. ಯಾವುದರಿಂದ ಶುರು ಮಾಡಬೇಕು ಅಂತ ಅವರೇ ಹೇಳಲಿ. ಬಿಟ್ಟ ಸ್ಥಳ ಬಂದಾಗ ‘ಖಾಲಿ’ ಅಂತ ಹೇಳಿ ಮುಂದೆ ಓದಿ. ಹೊಂದಿಸಿ ಬರೆಯಿರಿ ಬಂದರೆ ಎಡಗಡೆಯ ಪಟ್ಟಿ ಪೂರ್ತಿ, ಆಮೇಲೆ ಬಲಗಡೆಯದು, ಮತ್ತೆ ಎಡಗಡೆಯ ಒಂದೊಂದನ್ನೇ ಹೇಳುತ್ತಾ ಬಲಗಡೆಯದನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಆಯ್ಕೆಯ ಪ್ರಶ್ನೆಯಲ್ಲಿ ನಾಲ್ಕೂ ಉತ್ತರಗಳನ್ನು ಒಂದೇ ದನಿಯಲ್ಲಿ ಓದುವುದು ಅಂದುಕೊಂಡಷ್ಟು ಸುಲಭವಲ್ಲ. ಸರಿಯುತ್ತರ ನಿಮಗೆ ಗೊತ್ತಿದ್ದರೆ ಅಲ್ಲಿ ದನಿ ತಾನಾಗಿಯೇ ಏರುತ್ತದೆ. ಅವರು ತಪ್ಪು ಹೇಳಿದಾಗ ‘ಹೌದಾ?’ ಅನ್ನಬಾರದು, ಪೆನ್ನು ನಿಲ್ಲಿಸಲೂಬಾರದು. ಅವರು ಓದಿದ್ದಕ್ಕೆ ಅವರದೇ ಅಂಕ ಬರಬೇಕು. ದಾನದ ಅಂಕ ಅವರಿಗೂ ಬೇಡ. ಪ್ರತಿ ಅರ್ಧ ಗಂಟೆಗೆ ಉಳಿದ ಸಮಯ ಹೇಳಿ, ಕೊನೆಗೆ ಉತ್ತರಗಳನ್ನು ಓದಿ ಕೇಳಿಸಿ.

ಒಪ್ಪಿಕೊಂಡ ಮೇಲೆ ಕೈ ಕೊಡಬೇಡಿ. ಸ್ವಯಂಸೇವೆಯಲ್ಲಿ ಬೇರೆ ಕಡೆ ಒಂದು ದಿನ ತಪ್ಪಿಸಿದರೆ ಮುಂದಿನ ವಾರ ಸರಿ ಮಾಡಬಹುದು. ಇಲ್ಲಿ ಒಬ್ಬರ ವರ್ಷವೇ ಹೋಗುತ್ತದೆ.

ರಕ್ತ ಕೊಡುವವರಿಗೆ: ಮೇ ತಿಂಗಳಲ್ಲಿ ಕೊಡಿ

ಆಗಸ್ಟ್ 15, ಜನವರಿ 26ಕ್ಕೆ ಊರೂರಲ್ಲೂ ಶಿಬಿರ. ಆದರೆ ರಕ್ತದ ಕೆಂಪು ಕಣಗಳು ಇಟ್ಟರೆ 35ರಿಂದ 42 ದಿನ ಬರುತ್ತವೆ, ಪ್ಲೇಟ್‌ಲೆಟ್ ಐದೇ ದಿನ. ಎಲ್ಲರೂ ಒಂದೇ ವಾರ ಕೊಟ್ಟರೆ ಏನುಪಯೋಗ? ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳೂ ಕಡಿಮೆ. ರಕ್ತನಿಧಿಯವರು ಪರದಾಡುವುದು ಆಗ. ಹತ್ತಿರದ ರಕ್ತನಿಧಿಗೆ ಹೋಗಿ ಗುಂಪು, ಫೋನ್ ನಂಬರ್ ಬರೆಸಿ, ‘ಕಡಿಮೆ ಬಿದ್ದಾಗ ಕರೆಯಿರಿ’ ಅನ್ನಿ.

18ರಿಂದ 65 ವಯಸ್ಸು, ಕನಿಷ್ಠ 45 ಕೆಜಿ ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಯಾವ ಕಾಯಿಲೆ ಬಂದಿತ್ತು, ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳಿದಾಗ ಮುಚ್ಚಿಡಬೇಡಿ. ‘ಈ ಸಲ ಬೇಡ’ ಅಂತ ವಾಪಸ್ ಕಳಿಸಿದರೆ ಅವಮಾನವೇನೂ ಇಲ್ಲ.

ಗಿಡ ನೆಡುವವರಿಗೆ ಒಂದೇ ಮಾತು

ಜೂನ್ 5ರ ಪರಿಸರ ದಿನಕ್ಕೆ ಗುಂಡಿ ತೋಡಲು ಜನ ಬೇಕಾದಷ್ಟು ಇದ್ದಾರೆ. ಮಾಗಡಿ ತಾಲ್ಲೂಕಿನ ಹುಲಿಕಲ್ ಹತ್ತಿರದ ಆಲದ ಸಾಲು ಇವತ್ತು ನೆರಳು ಕೊಡುತ್ತಿರುವುದು ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದರಿಂದ. ನಿಮ್ಮ ಹೆಸರನ್ನು ಫೆಬ್ರವರಿಯಿಂದ ಮೇವರೆಗಿನ ನೀರು ಹಾಕುವ ಪಾಳಿಗೆ ಬರೆಸಿ. ಮೂರು ಬೇಸಿಗೆ ದಾಟಿಸಿದರೆ ಗಿಡ ತನ್ನನ್ನು ತಾನು ನೋಡಿಕೊಳ್ಳುತ್ತದೆ.

ಪುಸ್ತಕ ಕೊಡುವವರಿಗೂ ಇಂಥದೇ ಮಾತಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಗೆ ಹಳೇ ಗೈಡು, ಗೆದ್ದಲು ಹತ್ತಿದ ವಿಶೇಷಾಂಕ ತುಂಬಬೇಡಿ. ‘ಮಕ್ಕಳು ಯಾವ ಪುಸ್ತಕ ಕೇಳ್ತಾರೆ?’ ಅಂತ ಅಲ್ಲಿರುವವರನ್ನು ಕೇಳಿ ಅದನ್ನೇ ಕೊಂಡು ಕೊಡಿ. ಶನಿವಾರ ಒಂದು ಗಂಟೆ ಕೂತು ಓದಿ ಹೇಳಿದರೆ ಇನ್ನೂ ಒಳ್ಳೆಯದು.

ನಾಲ್ಕನೇ ಹೆಜ್ಜೆ: ಮೊದಲ ದಿನ ಹೇಗೆ ಹೋಗಬೇಕು

ಒಬ್ಬರೇ ಹೋಗಿ, ಇಲ್ಲವೇ ಇಬ್ಬರು. ಹತ್ತು ಜನ ಒಟ್ಟಿಗೆ ಹೋದರೆ ಅವರಿಗೆ ನಿಮ್ಮನ್ನು ಕೂರಿಸಿ ಚಹಾ ಕೊಡುವುದೇ ಕೆಲಸವಾಗುತ್ತದೆ. ‘ನಾವು ನಿಮ್ಮ ಶಾಲೆಗೆ ಇಂಥದ್ದು ಮಾಡಬೇಕು ಅಂತಿದ್ದೀವಿ’ ಅನ್ನುವ ಬದಲು ‘ಸರ್, ಶನಿವಾರ ಎರಡು ಗಂಟೆ ಬಿಡುವಿದೆ. ಯಾವ ಕೆಲಸಕ್ಕೆ ಜನ ಸಾಲದು?’ ಅಂತ ಕೇಳಿ. ಉತ್ತರ ನೀರಸವಾಗಿಯೇ ಇರುತ್ತದೆ: ರಿಜಿಸ್ಟರ್ ಬರೆಯಬೇಕು, ಪುಸ್ತಕಕ್ಕೆ ನಂಬರ್ ಹಾಕಬೇಕು, ಬಿಸಿಯೂಟದ ಅಕ್ಕಿ ಲೆಕ್ಕ ನೋಡಬೇಕು. ಅದನ್ನೇ ಮಾಡಿ. ಎರಡು ತಿಂಗಳು ಅದನ್ನು ಮಾಡಿದ ಮೇಲೆ ನಿಮ್ಮ ಸಲಹೆ ಕೇಳುತ್ತಾರೆ.

ಫೋಟೋ ವಿಚಾರ. ನೋಟ್‌ಬುಕ್ ಕೊಡುವಾಗ ಮಗುವಿನ ಕೈ, ನಿಮ್ಮ ಕೈ, ನಡುವೆ ಬ್ಯಾನರ್. ಇದನ್ನು ನಿಲ್ಲಿಸೋಣ. ಆ ಮಗು ನಾಳೆ ದೊಡ್ಡದಾಗಿ ಆ ಫೋಟೋ ನೋಡುತ್ತದೆ, ಅಲ್ವಾ? ದಾನಿಗಳಿಗೆ ಲೆಕ್ಕ ಕೊಡಬೇಕಿದ್ದರೆ ರಸೀದಿಯ ಫೋಟೋ ಕಳಿಸಿ.

ಐದನೇ ಹೆಜ್ಜೆ: ಕರೆಯದೇ ಬರುವ ದಿನಗಳಿಗೆ ತಯಾರಿರಿ

ರಸ್ತೆಯಲ್ಲಿ ಅಪಘಾತ ಕಂಡರೆ ಪೊಲೀಸ್, ಕೋರ್ಟು ಅಂತ ಹೆದರಿ ಮುಂದೆ ಹೋಗುವವರೇ ಜಾಸ್ತಿ. ಸಹಾಯ ಮಾಡಿದವರನ್ನು ಕಾಪಾಡಲು ಕರ್ನಾಟಕದಲ್ಲಿ 2016ರದ್ದೇ ಕಾಯ್ದೆ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಇದೇ ರಕ್ಷಣೆಯ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ. 108 ಅಥವಾ 112ಕ್ಕೆ ಫೋನ್ ಮಾಡಿ. ಜಾಗದ ಗುರುತು ಸರಿಯಾಗಿ ಹೇಳಿ, ವಿಡಿಯೋ ಮಾಡುವವರನ್ನು ದೂರ ಸರಿಸಿ, ಗಾಳಿ ಆಡಲು ಬಿಡಿ. ಅವಸರದಲ್ಲಿ ಎತ್ತಿ ಕೂರಿಸಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು.

ನೆರೆ ಬಂದಾಗ ನಮ್ಮ ಜನ ಕೈಬಿಚ್ಚಿ ಕೊಡುತ್ತಾರೆ. 2018ರಲ್ಲಿ ಕೊಡಗಿಗೆ, 2019ರಲ್ಲಿ ಬೆಳಗಾವಿ, ಬಾಗಲಕೋಟೆಗೆ ಲಾರಿ ಲಾರಿ ಸಾಮಾನು ಹೋಯಿತು. ಹಳೇ ಬಟ್ಟೆ ಮಾತ್ರ ಕಳಿಸಬೇಡಿ. ಅದನ್ನು ವಿಂಗಡಿಸಲು ಅಲ್ಲಿ ಜನರೂ ಇರುವುದಿಲ್ಲ, ಜಾಗವೂ ಇರುವುದಿಲ್ಲ. ಹೊಸ ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಚಾಪೆ, ಬ್ಲೀಚಿಂಗ್ ಪುಡಿ ಬೇಕಾಗಬಹುದು. ಏನು ಬೇಕು ಅಂತ ಅಲ್ಲಿಯವರಿಗೆ ಫೋನ್ ಮಾಡಿ ಕೇಳಿದ ಮೇಲೇ ಗಾಡಿಗೆ ತುಂಬಿ. ಮೊದಲ ವಾರ ಎಲ್ಲರೂ ಬರುತ್ತಾರೆ. ನೀವು ಮೂರನೇ ವಾರ ಹೋಗಿ: ಕೆಸರು ತೆಗೆಯಲು, ನೆನೆದ ದಾಖಲೆಗಳಿಗೆ ಮರು ಅರ್ಜಿ ಬರೆದುಕೊಡಲು ಆಗ ಜನ ಬೇಕು.

ದೂರದಲ್ಲಿರುವ ಕನ್ನಡಿಗರು ಸುಮ್ನೆ ಕೊರಗಬೇಕಿಲ್ಲ. ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿಗಳು ನಮೂನೆ 6ಎ ತುಂಬಿ ತಮ್ಮ ಊರಿನ ಮತದಾರರಾಗಬಹುದು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ (ಅಂತರಜಾಲದ ಉಚಿತ ಗ್ರಂಥಾಲಯ) ಹಳೆಯ ಪುಸ್ತಕಗಳ ಪುಟಗಳನ್ನು ತಿದ್ದುವ ಕೆಲಸವನ್ನು ಎಲ್ಲಿಂದ ಬೇಕಾದರೂ ಮಾಡಬಹುದು. ಮಗು ಮಲಗಿದ ಮೇಲೆ ಒಂದು ಪುಟ ತಿದ್ದಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಕೊನೆಯ ಹೆಜ್ಜೆ: ದುಡ್ಡು, ಜಗಳ, ಬಿಡುವುದು

ಒಳ್ಳೆಯ ಗುಂಪುಗಳು ಒಡೆಯುವುದು ಹೆಚ್ಚಾಗಿ ದುಡ್ಡಿನಿಂದ. ಸಾಧ್ಯವಾದಷ್ಟು ನಗದು ಮುಟ್ಟಬೇಡಿ. ಶಾಲೆಗೆ ಫ್ಯಾನ್ ಬೇಕಿದ್ದರೆ ದಾನಿಯೇ ಅಂಗಡಿಗೆ ಹಣ ಕೊಡಲಿ, ಬಿಲ್ಲು ಶಾಲೆಯ ಹೆಸರಿನಲ್ಲಿರಲಿ. ವಸೂಲಿ ಮಾಡಲೇಬೇಕಾದರೆ ಬಂದದ್ದು, ಹೋದದ್ದು ಎರಡನ್ನೂ ಅವತ್ತೇ ಗುಂಪಿಗೆ ಹಾಕಿ, 40 ರೂಪಾಯಿ ಆಟೋ ಖರ್ಚು ಸಮೇತ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲಸದ ಮಾತು ಮಾತ್ರ ಇರಲಿ. ಗುಡ್ ಮಾರ್ನಿಂಗ್, ಪಕ್ಷದ ವಿಡಿಯೋ ಶುರುವಾದರೆ ಕೆಲಸ ಮಾಡುವವರು ಮೊದಲು ಹೊರಗೆ ಹೋಗುತ್ತಾರೆ.

ವರ್ಷವಾದ ಮೇಲೆ ಸಾಕು ಅನ್ನಿಸಬಹುದು. ವರ್ಗಾವಣೆ, ಮಗುವಿನ ಹತ್ತನೇ ಕ್ಲಾಸು, ಅಪ್ಪನ ಆರೋಗ್ಯ, ಏನೋ ಒಂದು ಬರುತ್ತದೆ. ಬಿಡುವುದು ತಪ್ಪಲ್ಲ. ಹೇಳದೆ ಕೇಳದೆ ಬಿಡಬೇಡಿ. ಒಂದು ತಿಂಗಳು ಮುಂಚೆ ತಿಳಿಸಿ. ನಿಮ್ಮ ಜಾಗಕ್ಕೆ ಬರುವವರನ್ನು ಎರಡು ಸಲ ಜೊತೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಫೋನ್ ನಂಬರ್‌ಗಳು, ರಿಜಿಸ್ಟರ್, ಬೀರುವಿನ ಕೀಲಿ, ಬಾಕಿ ಇರುವ ಕೆಲಸದ ಪಟ್ಟಿ ಕೈಗೆ ಕೊಟ್ಟು, ಕೊಟ್ಟದ್ದಕ್ಕೆ ಒಂದು ಸಹಿ ತೆಗೆದುಕೊಳ್ಳಿ.